ಆರು ಕಿವಿಯ ಕೋಡು

ಆ ಕಾಲದಲ್ಲಿ ಬೇಸಿಗೆ ರಜೆ ಬಂತೆಂದರೆ ಮದ್ರಾಸಿನ ನಮ್ಮ ಬೀದಿಯ ಮಕ್ಕಳೆಲ್ಲ ಅಜ್ಜಿಯ ಊರಿಗೆ ರೈಲು ಹತ್ತುತ್ತಿದ್ದರು. ನಾವಿಬ್ಬರು ಅಕ್ಕತಂಗಿಯರು ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ಅಪ್ಪನದು ಸೈದಾಪೇಟೆ ಬಜಾರಿನಲ್ಲಿ ಫೋಟೋ ಸ್ಟುಡಿಯೋ. ಬೇಸಿಗೆ ಎಂದರೆ ಮದುವೆಗಳ ಕಾಲ, ಅಪ್ಪನಿಗೆ ಉಸಿರಾಡಲು ಬಿಡುವಿಲ್ಲದ ಕಾಲ. ಮುಂದುಗಡೆ ಸ್ಟುಡಿಯೋ, ಹಿಂದುಗಡೆ ಮನೆ, ನಡುವೆ ಕತ್ತಲ ಕೋಣೆ. ಒಂದು ಕಡೆಯಿಂದ ಫಿಲ್ಮು ತೊಳೆಯುವ ಹೈಪೋ ನೀರಿನ ಕಟುವಾಸನೆ, ಇನ್ನೊಂದು ಕಡೆಯಿಂದ ಅವ್ವ ಬಡಿಯುವ ಜೋಳದ ರೊಟ್ಟಿಯ ವಾಸನೆ. ಗದಗಿನಿಂದ ಬಂದು ಅಷ್ಟು ವರ್ಷವಾದರೂ ಅವ್ವ ಇಡ್ಲಿಯನ್ನು ಊಟ ಎಂದು ಒಪ್ಪಿಕೊಂಡಿರಲಿಲ್ಲ. "ಅದು ಜ್ವರಾ ಬಂದವರಿಗೆ" ಎನ್ನುತ್ತಿದ್ದಳು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಹನ್ನೊಂದು, ನೀಲಕ್ಕನಿಗೆ ಹತ್ತೊಂಬತ್ತು. ಹೈಸ್ಕೂಲು ಮುಗಿಸಿ ಅಪ್ಪನ ಬೆನ್ನಿಗೆ ಕತ್ತಲ ಕೋಣೆ ಹೊಕ್ಕ ಅಕ್ಕ ಆಮೇಲೆ ಹೊರಗೆ ಬರಲು ಒಪ್ಪಲೇ ಇಲ್ಲ. ಗಂಡುಮಕ್ಕಳಿಲ್ಲದ ಅಪ್ಪನಿಗೆ ಅದು ಅನುಕೂಲವೇ ಆಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಅವಳು ಅಪ್ಪನಿಗಿಂತ ಒಳ್ಳೆಯ ಫೋಟೋ ತೆಗೆಯುತ್ತಿದ್ದಳು, ಅದನ್ನು ಅಪ್ಪನೇ ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದ. ಆದರೆ ಮದುಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುವುದರಲ್ಲಿ ಅವಳಿಗೆ ಮನಸ್ಸಿರಲಿಲ್ಲ. ಅವಳ ಜೀವವೆಲ್ಲ ಗಿಂಡಿ ಕಾಡಿನ ಜಿಂಕೆಗಳ ಮೇಲೆ.

ಅಡಯಾರು ನದಿಯ ಸೇತುವೆ ದಾಟಿದರೆ ಗಿಂಡಿ. ಆಗ ಅಲ್ಲಿ ಆಲ, ತಾಳೆ, ಕಾರೆ ಮುಳ್ಳಿನ ದಟ್ಟ ಪೊದೆ, ನಡುನಡುವೆ ಹುಲ್ಲಿನ ಬಯಲು. ಕಾಡಿನ ಕಾವಲುಗಾರ ಮುನುಸಾಮಿಯ ಮಗಳ ಮದುವೆಗೆ ಅಪ್ಪ ಫೋಟೋ ತೆಗೆದಿದ್ದ. ಅಂದಿನಿಂದ ಅವನು ನಮ್ಮನ್ನು ಬೀಗರಂತೆ ಒಳಗೆ ಬಿಟ್ಟುಕೊಳ್ಳುತ್ತಿದ್ದ. ಚುಕ್ಕೆಯ ಜಿಂಕೆಗೆ ನಮ್ಮ ಮನೆಯಲ್ಲಿ ಗದಗಿನ ಮಾತಿನಂತೆ ಚಿಗರಿ ಎನ್ನುತ್ತಿದ್ದೆವು. ಹೊಸ್ತಿಲು ದಾಟಿದರೆ ತಮಿಳಿನಲ್ಲಿ ಅದೇ ಮಾನ್. ಮಕ್ಕಳಾದ ನಮಗೆ ಎರಡೂ ನಾಲಿಗೆಯ ಮೇಲೆ ಒಟ್ಟಿಗೇ ಇರುತ್ತಿದ್ದವು.

ಜಿಂಕೆ ಸಾಧು ಪ್ರಾಣಿ ಎಂದು ಪಾಠದ ಪುಸ್ತಕದಲ್ಲಿ ಬರೆದವರು ಬೇಸಿಗೆಯಲ್ಲಿ ಗಿಂಡಿಗೆ ಬಂದವರಲ್ಲ. ಆ ತಿಂಗಳುಗಳಲ್ಲಿ ಗಂಡುಗಳಿಗೆ ಮದವೇರುತ್ತದೆ. ಕೊರಳು ದಪ್ಪವಾಗುತ್ತದೆ, ಮೈಯಿಂದ ಗಬ್ಬುನಾತ ಹೊಡೆಯುತ್ತದೆ, ಕಂಡ ಪೊದೆಗೆಲ್ಲ ಕೋಡು ತಿವಿದು ಹುಲ್ಲು ಮಣ್ಣನ್ನು ತಲೆಯ ಮೇಲೆ ಹೊತ್ತು ತಿರುಗುತ್ತವೆ. ಎರಡು ಗಂಡು ಎದುರಾದರೆ ಮುಗಿಯಿತು. ಕೋಡಿಗೆ ಕೋಡು ತಾಗುವ ಸದ್ದು ಸೌದೆ ಡಿಪೋದಲ್ಲಿ ಮರ ಸೀಳಿದಂತೆ ಕೇಳುತ್ತಿತ್ತು. ಕಿವಿ ಹರಿದದ್ದು, ಕವಲು ಮುರಿದದ್ದು, ಕುಂಟುವುದು ದಿನವೂ ಕಾಣುತ್ತಿದ್ದವು. ಹೆಣ್ಣುಗಳು ಮಾತ್ರ ತಮಗೇನೂ ಸಂಬಂಧವಿಲ್ಲವೆಂಬಂತೆ ಅಲ್ಲೇ ಮೇಯುತ್ತಿದ್ದವು. ನಾನು ಬೀದಿಯ ಹುಡುಗಿಯರ ಜೊತೆ ಅದನ್ನೇ ಆಟವಾಡುತ್ತಿದ್ದೆ. ತೆಂಗಿನಗರಿ ಕಡ್ಡಿಗಳನ್ನು ತಲೆಗೆ ಕಟ್ಟಿಕೊಂಡು ಡಿಕ್ಕಿ ಹೊಡೆದು ಹಣೆಯಲ್ಲಿ ಬುಗುಟು ಏಳಿಸಿಕೊಂಡು ಬಂದರೆ ಅವ್ವನಿಂದ ಇನ್ನೆರಡು ಗುದ್ದು ಸಿಗುತ್ತಿದ್ದವು.

ಕೋಡಿನ ಉದ್ದವನ್ನು ದೂರದಿಂದಲೇ ಅಂದಾಜು ಮಾಡಲು ಅಕ್ಕನಿಗೊಂದು ದಾರಿಯಿತ್ತು. ಬೆಳೆದ ಗಂಡು ಜಿಂಕೆಗಳ ಕಿವಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಉದ್ದ, ಆರು ಅಂಗುಲದ ಹತ್ತಿರ. ಹಾಗಾಗಿ ಅವಳ ಅಳತೆಯೆಲ್ಲ ಕಿವಿಯಲ್ಲಿ. ಬುಡದಿಂದ ತುದಿಯವರೆಗೆ ಕೋಡಿನ ಬಾಗಿನ ಗುಂಟ ಎಷ್ಟು ಕಿವಿ ಕೂಡುತ್ತವೆ ಎಂದು ಕಣ್ಣಲ್ಲೇ ಜೋಡಿಸುವಳು. ನಾಲ್ಕು ಕಿವಿಯದು ಹುಡುಗ, ಐದು ಕಿವಿಯದು ಯಜಮಾನ. ಆರು ಕಿವಿ ಎಂದರೆ ಒಂದು ಗಜ, ಅಂಥದ್ದು ಇದ್ದರೆ ಅದು ರಾಜ. ನಾನು ಯಾವುದನ್ನು ನೋಡಿದರೂ ಆರು ಎನ್ನುತ್ತಿದ್ದೆ, ಅವಳು ನಗುತ್ತಿದ್ದಳು.

"ಹಿಂದಿನಿಂದ ನೋಡಿದ್ರ ಎಲ್ಲಾನೂ ದೊಡ್ಡೂವ ಕಾಣ್ತಾವ. ಮಾರಿ ಬತ್ತಿದ್ದಕ್ಕೂ ಕೋಡು ದೊಡ್ಡದು ಕಾಣಸ್ತದ. ಮದಲ ಕಿವಿ ನೋಡ, ಆಮ್ಯಾಲೆ ಎಷ್ಟು ದೂರ ನಿಂತೈತಿ ನೋಡ, ಕಡೀಕ ಕೋಡು ನೋಡ."

"ನಿನ್ನ ಜಡಿ ಎಷ್ಟು ಕಿವಿ?"

"ನಿನ್ನ ಕತ್ತೆ ಕಿವೀಲೆ ಅಳದ್ರ ಎರಡ."

ಆ ಬೇಸಿಗೆಯಲ್ಲಿ ಈ ಕೋಡಿನ ವಿಚಾರ ಬರೀ ಆಟವಾಗಿ ಉಳಿದಿರಲಿಲ್ಲ. ಕ್ಯಾಲೆಂಡರು ಅಚ್ಚುಮಾಡುವ ಪ್ರೆಸ್ಸಿನ ಯಜಮಾನರೊಬ್ಬರು ಅಪ್ಪನ ಹಳೆಯ ಗಿರಾಕಿ. ಬರುವ ವರ್ಷದ ಕ್ಯಾಲೆಂಡರಿಗೆ ಗಿಂಡಿಯಲ್ಲೇ ಎಲ್ಲಕ್ಕಿಂತ ದೊಡ್ಡ ಕೋಡಿನ ಗಂಡಿನ ಚಿತ್ರ ಬೇಕು, ಕೆಳಗೆ ತೆಗೆದವರ ಹೆಸರು ಹಾಕುತ್ತೇನೆ ಎಂದಿದ್ದರು. ಅಪ್ಪ ಅಕ್ಕನನ್ನು ಕೂರಿಸಿಕೊಂಡು ಹೇಳಿದ: "ಆ ಫೋಟೋ ಕ್ಯಾಲೆಂಡರಿಗೆ ಬಂತಂದ್ರ ಅಂಗಡಿ ಬೋರ್ಡಿನ ಮ್ಯಾಲೆ ನನ್ನ ಹೆಸರಿನ ಬಾಜೂಕ ನಿನ್ನ ಹೆಸರೂ ಬರಸ್ತೀನಿ. ಆಮ್ಯಾಲೆ ನಿನ್ನ ಕೇಳದ ನಿನ್ನ ಲಗ್ನದ ಮಾತು ಯಾರೂ ತಗಿಯಂಗಿಲ್ಲ." ಅಕ್ಕ ಆ ದಿನ ರೊಟ್ಟಿ ತಿನ್ನದೆ ಬರೀ ಬೋರ್ಡು ನೋಡುತ್ತ ಕುಳಿತಿದ್ದಳು.

ಅಷ್ಟರಲ್ಲಿ ಗದಗಿನಿಂದ ದೊಡ್ಡಪ್ಪ ಬಂದಿಳಿದರು. ಅಪ್ಪನ ಸ್ವಂತ ಅಣ್ಣ, ಹತ್ತಿ ವ್ಯಾಪಾರಿ. ಹರೆಯದಲ್ಲಿ ಗರಡಿಯಲ್ಲಿ ಪಳಗಿದ ಮೈ, ಅರವತ್ತರ ಹತ್ತಿರವಾದರೂ ತೋಳು ಇಳಿದಿರಲಿಲ್ಲ. ರಾಣೆಬೆನ್ನೂರಿನಲ್ಲಿ ಅಕ್ಕನಿಗೆ ಗಂಡು ಗೊತ್ತುಮಾಡಿ ಅವಳನ್ನು ಕರೆದೊಯ್ಯಲು ಬಂದಿದ್ದರು. ಹುಡುಗಿ ಕ್ಯಾಮೆರಾ ಹೊತ್ತು ಕಾಡಿಗೆ ಹೋಗುತ್ತಾಳೆಂದು ಕೇಳಿ ಅವರ ಮುಖ ಕಪ್ಪಿಟ್ಟಿತು. ಅಪ್ಪ ಅಣ್ಣನ ಎದುರು ಎಂದೂ ದನಿ ಎತ್ತಿದವನಲ್ಲ. ಕ್ಯಾಲೆಂಡರಿನ ಚಿತ್ರ ಮುಗಿಯುವವರೆಗೆ ತಡೆಯಿರಿ ಎಂದು ತಲೆ ಕೆರೆದುಕೊಂಡು ನಿಂತ.

ದೊಡ್ಡಪ್ಪನಿಗೆ ಮದ್ರಾಸು ಹೊಸದು, ತಮಿಳು ಬೈಗುಳದಂತೆ ಕೇಳಿಸುತ್ತಿತ್ತು. ಮೊದಲ ಬೆಳಿಗ್ಗೆಯೇ ಹಾಲಿನವನು ಬಾಗಿಲಲ್ಲಿ "ಪಾಲೂ, ಪಾಲೂ" ಎಂದು ಕೂಗಿದ. ದೊಡ್ಡಪ್ಪ ಧೋತರ ಬಿಗಿಯುತ್ತ ಎದ್ದು ಬಂದರು.

"ಯಾವನಂವಾ, ಮುಂಜಾನೆದ್ದು ಬಾಗಲಾಗ ನಿಂತು ಪಾಲು ಕೇಳಾಂವ? ನಮ್ಮ ಆಸ್ತಿಯೊಳಗ ಇಂವಗೆಲ್ಲಿ ಪಾಲು?"

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ಹಾಲ್ರೀ ಭಾವಾರ. ಇಲ್ಲೆ ಹಾಲಿಗೆ ಪಾಲು ಅಂತಾರ."

"ಎಂಥಾ ಊರೋ ಇದು" ಎಂದು ಅವರು ಹಾಲಿನವನನ್ನೇ ದುರುಗುಟ್ಟಿ ನೋಡಿದರು. ನಾವು ವಾರವಿಡೀ ಅದನ್ನು ಹೇಳಿಕೊಂಡು ನಕ್ಕೆವು.

ಮೇ ತಿಂಗಳ ಒಂದು ಮಧ್ಯಾಹ್ನ ಅಪ್ಪ ಮಾಂಬಲದ ಮದುವೆಮನೆಗೆ ಹೋಗಿದ್ದ. ಅಕ್ಕ ಮಡಚುವ ಕ್ಯಾಮೆರಾ, ಮೂರು ಕಾಲಿನ ಮರದ ಸ್ಟ್ಯಾಂಡು ಹೆಗಲಿಗೇರಿಸಿ ನನ್ನನ್ನು ಕರೆದುಕೊಂಡು ಹೊರಟಳು. ಆ ಸ್ಟ್ಯಾಂಡಿನ ಕಾಲುಗಳಿಗೆ ಹಿತ್ತಾಳೆಯ ಮೊನೆ ಇದ್ದವು. ಮುನುಸಾಮಿ ತಾಳೆಯ ಎಳೆಗಾಯಿ, ತಾಟಿನುಂಗು, ಕೊಯ್ದು ಕಾದಿದ್ದ. ಪೆರಿಯ ಮಾನ್ ಕೆರೆಯ ಪಕ್ಕದ ಬಯಲಿಗೆ ಬಂದಿದೆ, ಎರಡು ದಿನದಿಂದ ಅಲ್ಲೇ ಇದೆ ಎಂದ. ಆ ದೊಡ್ಡ ಗಂಡನ್ನು ಅವನು ಹಾಗೆಯೇ ಕರೆಯುತ್ತಿದ್ದದ್ದು.

ಆಲದ ಬಿಳಲುಗಳ ಮರೆಯಲ್ಲಿ ಅಕ್ಕ ಸ್ಟ್ಯಾಂಡು ಊರಿದಳು. ನುಂಗಿನ ನೀರು ನನ್ನ ಮೊಣಕೈವರೆಗೆ ಇಳಿದು ಇರುವೆ ಮುತ್ತುತ್ತಿದ್ದರೂ ಅಲುಗಾಡುವಂತಿರಲಿಲ್ಲ. ಹೆಣ್ಣುಗಳ ನಡುವಿಂದ ಅದು ನಿಧಾನವಾಗಿ ಎದ್ದು ನಿಂತಿತು. ಅಂಥ ಕೋಡನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಅಕ್ಕ ಮೊದಲು ಕಿವಿ ನೋಡಿದಳು, ದೂರ ನೋಡಿದಳು, ಆಮೇಲೆ ಕೋಡು ನೋಡಿದಳು. ಅವಳ ತುಟಿ ಅಲುಗಿತು.

"ಆರು. ಖರೇನ ಆರು."

ಕ್ಯಾಮೆರಾ ಕ್ಲಿಕ್ ಎಂದಿತು. ಅವಳಿಗೆ ಬೇಕಾಗಿದ್ದ ಚಿತ್ರ ಅದೇ. ಇನ್ನೊಂದಕ್ಕೆ ಫಿಲ್ಮು ತಿರುಗಿಸುವಾಗ ಪೊದೆ ಸೀಳಿಕೊಂಡು ಎಳೆಯ ಗಂಡೊಂದು ಬಯಲಿಗೆ ನುಗ್ಗಿತು.

ಎಷ್ಟೋ ಕಾದಾಟ ಕಂಡಿದ್ದೆವು, ಇದು ಬೇರೆಯೇ. ಎರಡೂ ತಲೆ ತಗ್ಗಿಸಿ ಒಂದರೊಳಗೊಂದು ಸಿಕ್ಕಿಕೊಂಡವು. ಗೊರಸಿನಿಂದ ಕಿತ್ತ ಮಣ್ಣು ನಮ್ಮ ಮೇಲೆ ಬಂದು ಬಿತ್ತು. ಕಣ್ಣು ಹೊರಗೆ ಬಂದು, ನಾಲಿಗೆ ಜೋತು, ಒಂದನ್ನೊಂದು ಬಯಲಿನ ಆ ತುದಿಗೆ ಈ ತುದಿಗೆ ನೂಕಿದವು. ಪೆರಿಯ ಮಾನ್ ಹಿಂಗಾಲು ಬೇರಿಗೆ ಸಿಕ್ಕಿ ಜಾರಿತು. ಅಷ್ಟೇ ಸಾಕಾಯಿತು. ಎಳೆಯದು ಕೋಡು ಬಿಡಿಸಿಕೊಂಡು ಅದರ ಹೊಟ್ಟೆಗೆ ತಿವಿಯಿತು, ಹೊರಗೆಳೆದು ಮತ್ತೆ ತಿವಿಯಿತು. ಬಿಸಿ ರಕ್ತದ ವಾಸನೆ ನನ್ನ ಮೂಗಿಗೆ ಬಂದು ತಿಂದ ನುಂಗೆಲ್ಲ ವಾಂತಿಯಾಯಿತು. ಅಕ್ಕ ಅಳುತ್ತಿದ್ದಳು, ಆದರೆ ಕಣ್ಣು ಕ್ಯಾಮೆರಾದಿಂದ ತೆಗೆದಿರಲಿಲ್ಲ.

ಹೊಟ್ಟೆ ಸೀಳಿಸಿಕೊಂಡ ದೊಡ್ಡ ಗಂಡು ರಸ್ತೆಯ ಕಡೆ ಓಡಿತು. ಅಲ್ಲಿ ಗೋಡೆ ಕುಸಿದ ಜಾಗವಿತ್ತು. ರಕ್ತದ ಜಾಡು ಹಿಡಿದ ಬೀದಿನಾಯಿಗಳು ಅಲ್ಲಿಂದ ಒಳಗೆ ಬಂದಿದ್ದವು. ನಾವು ಓಡಿಹೋಗುವಷ್ಟರಲ್ಲಿ ಅದನ್ನು ಕೆಡವಿ, ಜೀವ ಇರುವಂತೆಯೇ ತಿನ್ನತೊಡಗಿದ್ದವು. ಅಕ್ಕ ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಹಿಡಿದು ನಾಯಿಗಳ ನಡುವೆ ನುಗ್ಗಿ ಬಡಿದಳು. ಒಂದು ಅವಳ ದಾವಣಿ ಕಚ್ಚಿ ಎಳೆಯಿತು, ಅರ್ಧ ಹರಿದು ಅದರ ಬಾಯಲ್ಲೇ ಉಳಿಯಿತು. ಮುನುಸಾಮಿ ಕೋಲು ಬೀಸಿ ಅವನ್ನು ಓಡಿಸಿದಾಗ ಮಾಡಲು ಏನೂ ಉಳಿದಿರಲಿಲ್ಲ. ಅಕ್ಕ ಅದರ ತಲೆಯ ಬಳಿ ಕುಸಿದು ಕೂತಳು. ಸತ್ತ ಜಿಂಕೆಯ ಕಿವಿಯನ್ನು ಬೆರಳಲ್ಲಿ ಅಳೆದು, ಅದೇ ಅಳತೆಯನ್ನು ಕೋಡಿನ ಗುಂಟ ಇಡುತ್ತ ಹೋದಳು. ಕೈ ಮೊಣಕೈವರೆಗೆ ರಕ್ತ.

"ಆರ ಅದಾವು" ಎಂದಳು.

ಕಾವಲಿನಲ್ಲಿ ಜಿಂಕೆ ಸತ್ತಿತೆಂದು ಮುನುಸಾಮಿಗೆ ಕೆಲಸ ಹೋಗುವ ಭಯ. ಅಕ್ಕನ ಫಿಲ್ಮು ಮುಗಿದಿದ್ದರಿಂದ, ಇದು ನಾಯಿಗಳ ಕೆಲಸವೆಂದು ಫೋಟೋ ತೆಗೆದು ತೋರಿಸಲು ಅಪ್ಪನನ್ನು ಕರೆತರುತ್ತೇನೆಂದು ಸೈಕಲ್ ಹತ್ತಿ ಹೋದ. ಅಕ್ಕನಿಗೆ ಕ್ಯಾಮೆರಾದೊಳಗಿನ ಫಿಲ್ಮನ್ನು ಕೂಡಲೇ ತೊಳೆಯಬೇಕಿತ್ತು. ನಾವಿಬ್ಬರೂ ನಡೆದೇ ಮನೆಗೆ ಹೊರಟೆವು.

ನಾವು ಸೇತುವೆ ದಾಟುವ ಮೊದಲೇ ನಮ್ಮ ಮನೆಯಲ್ಲಿ ನಡೆದದ್ದನ್ನು ಮುನುಸಾಮಿ ಆಮೇಲೆ ಹಣೆ ಚಚ್ಚಿಕೊಂಡು ಹೇಳಿದ. ಅವ್ವ ಹಿತ್ತಲ ಬಾವಿಯ ಬಳಿ ಇದ್ದಳು. ಸ್ಟುಡಿಯೋ ಮೆಟ್ಟಿಲ ಮೇಲೆ ದೊಡ್ಡಪ್ಪ ಒಬ್ಬರೇ ಕೂತಿದ್ದರು. ಇವನು ಸೈಕಲ್ಲನ್ನು ಬೀದಿಗೆ ಎಸೆದು ಕೂಗಿದ್ದಾನೆ: "ಅಯ್ಯಾ! ಮಾನ್ ಪೋಚ್ಚಯ್ಯಾ, ಮಾನ್ ಪೋಚ್ಚು! ಒರೇ ರತ್ತಮ್! ಪಾವಂ, ನೀಲಾ ಅಳುದು!" ಜಿಂಕೆ ಹೋಯಿತು, ಎಲ್ಲ ಬರೀ ರಕ್ತ, ಪಾಪ ನೀಲಾ ಅಳುತ್ತಿದ್ದಾಳೆ ಎಂದು ಅದರ ಅರ್ಥ. ದೊಡ್ಡಪ್ಪನ ಕಿವಿಗೆ ಬಿದ್ದದ್ದು ಮಾನ, ಹೋಯಿತು, ರಕ್ತ, ನೀಲಾ. ಅವರು ಬರೀ ದಿಟ್ಟಿಸಿದ್ದು ನೋಡಿ ಮುನುಸಾಮಿ ಪಕ್ಕದ ಅಂಗಡಿಯಲ್ಲಿ ಅಪ್ಪ ಎಲ್ಲೆಂದು ಕೇಳಿಕೊಂಡು, ಮತ್ತೆ ಸೈಕಲ್ ಹತ್ತಿ ಮಾಂಬಲಕ್ಕೆ ತುಳಿದ.

ಆಮೇಲೆ ನಾವು ಬಂದೆವು. ಬಿಚ್ಚಿದ ಜಡೆ, ಹರಿದ ದಾವಣಿ, ಮೈತುಂಬ ರಕ್ತದ ಅಕ್ಕ, ಹಿಂದೆ ಬಿಕ್ಕುತ್ತಿದ್ದ ನಾನು.

ದೊಡ್ಡಪ್ಪ ಎದ್ದು ಅವಳ ಕೂದಲಿಗೆ ಕೈ ಹಾಕಿ ಮೆಟ್ಟಿಲ ಮೇಲೆ ಎಳೆದುಕೊಂಡರು.

"ಯಾರಂವಾ? ಹೇಳ! ಯಾರ ಮಾಡಿದ್ದು?"

ಅಕ್ಕನಿಗೆ ಜಿಂಕೆ ಬಿಟ್ಟು ಬೇರೇನೂ ತಲೆಯಲ್ಲಿರಲಿಲ್ಲ. ಮುನುಸಾಮಿ ಹೇಳಿದ್ದಾನೆ, ಅದನ್ನೇ ಕೇಳುತ್ತಿದ್ದಾರೆ ಎಂದುಕೊಂಡಳು.

"ನಾಯಿಗೋಳು ದೊಡ್ಡಪ್ಪಾ... ನಾಯಿಗೋಳು ಕೂಡಿ ಹರದು ಹಾಕಿದ್ವು. ನಾ ಬಿಡಸಾಕ ಹೋದ್ನಿ, ಆಗಲಿಲ್ಲ."

"ನಾಯಿಗೋಳು" ಎಂಬ ಮಾತನ್ನು ಅವರು ಹೇಗೆ ತಿಳಿದುಕೊಂಡರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವಳ ಹೆಗಲಿನ ಕ್ಯಾಮೆರಾ ಕಿತ್ತು ಕಲ್ಲಿನ ಮೆಟ್ಟಿಲಿಗೆ ಅಪ್ಪಳಿಸಿದರು. ಅದು ಬಾಯಿಬಿಟ್ಟು, ಒಳಗಿನ ಫಿಲ್ಮು ಸುರುಳಿ ಬಿಚ್ಚಿ ಬಿಸಿಲಿಗೆ ಬಿತ್ತು. ಆಗ ಅಕ್ಕ ಒಮ್ಮೆ ಚೀರಿದಳು, ಏಟಿಗಲ್ಲ, ಅದಕ್ಕೆ. "ಮಾನಾ ಹೋತು! ನಮ್ಮ ಮನಿತನದ ಮಾನಾ ಹೋತು!" ಎಂದು ದೊಡ್ಡಪ್ಪ ಇಡೀ ಬಜಾರಿಗೆ ಕೇಳುವಂತೆ ಕೂಗುತ್ತ ಹೊಡೆದರು. ನಾನು ಅವರ ತೊಡೆಗೆ ಹಲ್ಲು ನಾಟಿಸಿದೆ. ಒದ್ದರು, ಗೋಡೆಗೆ ಹೋಗಿ ಬಿದ್ದೆ. ಅವ್ವ ಒದ್ದೆ ಕೈಯಲ್ಲಿ ಓಡಿಬಂದು "ಬ್ಯಾಡ್ರೀ, ಬ್ಯಾಡ್ರೀ ಭಾವಾರ" ಎಂದು ಕಾಲು ಹಿಡಿದಳು. ಅಷ್ಟರಲ್ಲಿ ಅವರ ಕೈಗೆ ಸ್ಟ್ಯಾಂಡು ಸಿಕ್ಕಿತ್ತು. ಬೀಸಿದ ರಭಸಕ್ಕೆ ಹಿತ್ತಾಳೆಯ ಮೊನೆ ಅಕ್ಕನ ಬಲಗಣ್ಣಿಗೆ ಹೋಯಿತು. ಆಮೇಲೆ ಅವಳ ಮೈಮೇಲಿದ್ದ ರಕ್ತದಲ್ಲಿ ಜಿಂಕೆಯದು ಯಾವುದು, ಅವಳದು ಯಾವುದು ಎಂದು ತಿಳಿಯುವಂತಿರಲಿಲ್ಲ.

ಅಪ್ಪ, ಮುನುಸಾಮಿ ಬಂದಾಗ ಬೀದಿಯ ತುಂಬ ಜನ. ಮಗಳ ಮುಖ ಕಂಡ ಅಪ್ಪ ನೆಟ್ಟಗೆ ಹೋಗಿ ಅಣ್ಣನ ಗಂಟಲು ಹಿಡಿದ. ಇಬ್ಬರೂ ಮೆಟ್ಟಿಲಿನಿಂದ ಉರುಳಿ ಧೂಳಿನಲ್ಲಿ ಹೊರಳಾಡಿದರು. ಅಪ್ಪನಿಗೆ ಆ ಬಲ ಎಲ್ಲಿಂದ ಬಂತೋ, ದೊಡ್ಡಪ್ಪನ ಕಣ್ಣುಗುಡ್ಡೆ ಮೇಲಾಗಿತ್ತು. ಮುನುಸಾಮಿ ನಡುವೆ ಬಿದ್ದು ಬಿಡಿಸಿದ. ದೊಡ್ಡಪ್ಪ ಕೆಮ್ಮುತ್ತ "ಮಾನಾ ಹೋದ ಮ್ಯಾಲೆ" ಎಂದರು. ಮುನುಸಾಮಿಗೆ ಆಗ ಹೊಳೆಯಿತು.

"ಐಯೋ, ಮಾನ್! ಮಾನ್, ಅಯ್ಯಾ!" ಎಂದು ಅವನು ಎರಡೂ ಕೈಯ ಬೆರಳು ಅಗಲಿಸಿ ತಲೆಯ ಮೇಲೆ ಕೋಡಿನಂತೆ ಹಿಡಿದು, ಅಳುತ್ತ, ಬೀದಿಯ ನಡುವೆ ನಾಲ್ಕು ಹೆಜ್ಜೆ ಕುಪ್ಪಳಿಸಿ ತೋರಿಸಿದ.

"ಚಿಗರಿ?" ಎಂದರು ದೊಡ್ಡಪ್ಪ. ಹಾಗೇ ನೆಲದ ಮೇಲೆ ಕೂತುಬಿಟ್ಟರು.

ಕಣ್ಣು ಉಳಿಯಲಿಲ್ಲ. ಫಿಲ್ಮಿನಲ್ಲಿ ಬರೀ ಕಪ್ಪು. ಕ್ಯಾಲೆಂಡರಿಗೆ ಬೇರೆ ಯಾರೋ ತೆಗೆದ ನವಿಲು ಬಂತು. ಅವ್ವ ಮನೆಮನೆಗೆ ಹೋಗಿ ಅದು ಜಿಂಕೆ, ಸತ್ತದ್ದು ಜಿಂಕೆ ಎಂದು ಹೇಳಿದಳು. ಎಲ್ಲರೂ "ಆಮಾ, ಆಮಾ" ಎಂದು ತಲೆಯಾಡಿಸಿದರು, ಅಕ್ಕ ಹಾದುಹೋದರೆ ಮಾತು ನಿಲ್ಲಿಸಿದರು. ದೊಡ್ಡಪ್ಪ ಕೂಗಿದ್ದು ಕನ್ನಡದಲ್ಲಿ, ಆದರೂ ಮಾನಕ್ಕೆ ತಮಿಳಿನಲ್ಲೂ ಮಾನಂ ಎಂದೇ, ಆ ಒಂದು ಮಾತು ಎರಡು ಭಾಷೆಗೂ ಸಾಕಾಗುವಷ್ಟು ಹತ್ತಿರದ್ದಾಗಿತ್ತು. ರಾಣೆಬೆನ್ನೂರಿನವರು ಒಕ್ಕಣ್ಣಿನ ಹುಡುಗಿ ಬೇಡವೆಂದರು. ಅಪ್ಪ ಬೋರ್ಡಿನ ಮೇಲೆ ಅಕ್ಕನ ಹೆಸರು ಬರೆಸಲು ಹೊರಟಾಗ ಅವಳೇ ತಡೆದಳು. ಚಿತ್ರ ಬಂದಿಲ್ಲ, ಹೆಸರು ಯಾಕೆ ಎಂದಳು.

ಕ್ಯಾಮೆರಾಕ್ಕೆ ಒಂದೇ ಕಣ್ಣು ಸಾಕಲ್ಲವೇ ಎಂದು ಪರಿಚಯದವರು ಸಮಾಧಾನ ಹೇಳುತ್ತಿದ್ದರು. ಕುರ್ಚಿಯಲ್ಲಿ ಕೂತ ಗಂಡಹೆಂಡಿರಿಗೆ ಸಾಕು. ಮರುವರ್ಷ ಅಪ್ಪ ತಂದ ಹೊಸ ಕ್ಯಾಮೆರಾ ಹಿಡಿದು ಅವಳು ಒಮ್ಮೆ ಗಿಂಡಿಗೆ ಬಂದಳು. ಬಯಲಿನಲ್ಲಿ ಒಳ್ಳೆಯ ಗಂಡೊಂದು ನಿಂತಿತ್ತು. ಬಹಳ ಹೊತ್ತು ನೋಡಿದಳು. "ಹಂತೇಲೆ ಐತೋ ದೂರ ಐತೋ ತಿಳೀವಲ್ದು" ಎಂದು ಕ್ಯಾಮೆರಾ ನನ್ನ ಕೈಗೆ ಕೊಟ್ಟು ತಿರುಗಿ ನಡೆದಳು. ಅಂದಿನಿಂದ ಕತ್ತಲ ಕೋಣೆಯೇ ಅವಳ ಊರಾಯಿತು. ಲಗ್ನ ಆಗಲಿಲ್ಲ.

ನಮ್ಮ ಬಳಗದಲ್ಲಿ ಮಾತ್ರ ಇದು ವರ್ಷ ಕಳೆದಂತೆ ನಗೆಯ ಕಥೆಯಾಯಿತು. ಯಾವ ಮದುವೆಯಲ್ಲಿ ಬಳಗ ಕೂಡಿದರೂ ಹಾಲು ಪಾಲಾದದ್ದು, ಚಿಗರಿ ಮಾನವಾದದ್ದು ಒಂದರ ಹಿಂದೆ ಒಂದು ಬರುತ್ತಿದ್ದವು. ಕೊನೆಗೆ ಯಾರಾದರೂ ಉಸ್ಸೆಂದು "ಏನ ಮಾಡೂದು, ಕೇಳೂದರಾಗ ತಪ್ಪಾತು" ಎನ್ನುತ್ತಿದ್ದರು. ನನ್ನ ಮೈ ಉರಿಯುತ್ತಿತ್ತು. ಅಕ್ಕ ಅದೇ ಪಂಗ್ತಿಯಲ್ಲಿ ಬಡಿಸುತ್ತಿದ್ದಳು.

ದೊಡ್ಡಪ್ಪನಿಗೆ ವಯಸ್ಸಾಗಿ ಎದೆನೋವು ಬಂದಾಗ ಚಿಕಿತ್ಸೆಗೆ ಮದ್ರಾಸಿಗೇ ಕರೆತಂದರು. ಇಳಿದುಕೊಂಡದ್ದು ನಮ್ಮಲ್ಲೇ. ಅಕ್ಕ ಗಂಜಿ ಕಾಯಿಸಿ ಕೊಡುತ್ತಿದ್ದಳು. ನೋಡಲು ಬಂದ ನೆಂಟರ ಮುಂದೆ ಅವರು ಒಂದು ದಿನ ತಾವಾಗಿಯೇ ಮಾತು ತೆಗೆದರು. "ಮಾನ್ ಅಂದ್ರ ಚಿಗರಿ ಅಂತ ಗದಗಿನಾಂವ್ಗ ಹೆಂಗ ತಿಳೀಬೇಕು? ನೀವ ಹೇಳ್ರಿ. ನನ್ನ ತಪ್ಪೇನೈತಿ?" ನೆಂಟರು ಹೌದು ಹೌದು ಎಂದರು.

ಅಕ್ಕ ಗಂಜಿಯ ಬಟ್ಟಲು ಕೆಳಗಿಟ್ಟಳು.

"ದೊಡ್ಡಪ್ಪಾರ, ನೀವು ತಿಳಕೊಂಡದ್ದ ಖರೇ ಆಗಿತ್ತಂದ್ರ? ಸತ್ತದ್ದು ಚಿಗರಿ ಅಲ್ಲ, ಕೆಟ್ಟ ಮಂದಿ ನನ್ನ ಹಿಡದು ಹಾಳು ಮಾಡಿದ್ರು ಅಂತನ ಇಟ್ಕೋರಿ. ಆವಾಗ ನೀವು ನನ್ನ ಕಣ್ಣು ತಗದದ್ದು ಬರೋಬರಿ ಆಗ್ತಿತ್ತೇನ್ರಿ?"

ಅಷ್ಟು ವರ್ಷ ನಾವೆಲ್ಲ, ಅಪ್ಪ ಅವ್ವ ಸಹ, ಮಾತು ತಪ್ಪಾಗಿ ಕೇಳಿಸಿದ್ದಕ್ಕೆ ಮರುಗಿದ್ದೆವು. ಸರಿಯಾಗಿ ಕೇಳಿ ಹೊಡೆದಿದ್ದರೆ ಏನು ಎಂದು ಕೇಳಬೇಕೆಂದು ಒಬ್ಬರಿಗೂ ತೋಚಿರಲಿಲ್ಲ. ದೊಡ್ಡಪ್ಪ ಗೋಡೆಯ ಕಡೆ ಹೊರಳಿ ಮಲಗಿದರು. ಊರಿಗೆ ಹೋಗುವವರೆಗೂ ಅವಳ ಮುಖ ನೋಡಿ ಮಾತಾಡಲಿಲ್ಲ, ಗಂಜಿಯನ್ನು ಮಾತ್ರ ಅವಳ ಕೈಯಿಂದಲೇ ಕುಡಿದರು.

ಆ ಮದ್ರಾಸು ಹೋಯಿತು, ನದಿ ಹೋಯಿತು, ಸ್ಟುಡಿಯೋಗಳು ಹೋದವು ಎಂದು ನನ್ನ ವಯಸ್ಸಿನವರು ಕೂತಲ್ಲಿ ನಿಂತಲ್ಲಿ ಹಲುಬುತ್ತಾರೆ. ಹೋಗಲಿ, ನನಗೆ ಅದಕ್ಕೆಲ್ಲ ಅಳು ಬರುವುದಿಲ್ಲ. ನನ್ನ ಅಕ್ಕನ ಬಲಗಣ್ಣು ಹೋಯಿತು. ಆ ಮಧ್ಯಾಹ್ನ ನಮ್ಮ ಮನೆಯಿಂದ ಹೋದದ್ದು ಅದೊಂದೇ. ಮಾನ ಎಲ್ಲಿಗೂ ಹೋಗಿರಲಿಲ್ಲ, ಹೋಗುವಂಥದ್ದೇನೂ ಆಗಿರಲಿಲ್ಲ, ಅವರು ತಿಳಿದಂತೆಯೇ ಆಗಿದ್ದರೂ ಅದು ಅವಳಿಂದ ಹೋಗುತ್ತಿರಲಿಲ್ಲ.